ಬ್ರಿಟನ್ನಿನ ಹಳೆಯ ಪೆನ್ನಿ: ವಿರಳತೆ ಗುರುತಿಸುವುದು, ಸ್ಥಿತಿ ಅಳೆಯುವುದು

ಹಳೆಯ ನಾಣ್ಯವೆಂದರೆ ಬೆಲೆಬಾಳುವ ನಾಣ್ಯ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಬ್ರಿಟನ್ನಿನ ಹಳೆಯ ಪೆನ್ನಿಯ ವಿಷಯದಲ್ಲಿ ಈ ನಂಬಿಕೆ ಹೊಸ ಸಂಗ್ರಾಹಕರ ಹಣವನ್ನು ವ್ಯರ್ಥ ಮಾಡಿಸುತ್ತದೆ. 1860ರಿಂದ ಮುಂದಕ್ಕೆ ಟಂಕಿಸಿದ ಕಂಚಿನ ಪೆನ್ನಿಗಳ ಸಂಖ್ಯೆ ಅಗಾಧವಾದುದು. 1967ರ ಇಸವಿಯನ್ನು ಹೊತ್ತ ಪೆನ್ನಿಗಳೇ 65 ಕೋಟಿಗೂ ಹೆಚ್ಚಿವೆ. ರಾಣಿ ವಿಕ್ಟೋರಿಯಾಳ ಮುಖ ಸವೆದು ನೆರಳಿನಂತಾಗಿರುವ 1880ರ ದಶಕದ ಸಾಮಾನ್ಯ ಪೆನ್ನಿಯನ್ನು ವ್ಯಾಪಾರಿಗಳು ರಾಶಿಯಲ್ಲಿ ತೂಗಿ ಮಾರುವುದುಂಟು. ಅದಕ್ಕಿಂತ ಎಷ್ಟೋ ಕಿರಿಯದಾದ 1951ರ ಪೆನ್ನಿಯನ್ನು ಅದೇ ವ್ಯಾಪಾರಿ ಪ್ರತ್ಯೇಕ ಲಕೋಟೆಯಲ್ಲಿಟ್ಟು ಗಾಜಿನ ಪೆಟ್ಟಿಗೆಯೊಳಗೆ ಇರಿಸಿರುತ್ತಾನೆ.

ಇದಕ್ಕೆ ಕಾರಣ ಆ ನಾಣ್ಯ ಚಲಾವಣೆಯಲ್ಲಿದ್ದ ರೀತಿಯಲ್ಲೇ ಇದೆ. ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ನಿ, ಹೀಗೆ ಪೌಂಡಿಗೆ 240 ಪೆನ್ನಿಯ ಲೆಕ್ಕ ನಡೆಯುತ್ತಿದ್ದ ಬ್ರಿಟನ್ 1971ರ ಫೆಬ್ರವರಿ 15ರಂದು ದಶಮಾಂಶ ಪದ್ಧತಿಗೆ ಬಂದಿತು. ಅದೇ ಆಗಸ್ಟ್ ತಿಂಗಳ ಕೊನೆಗೆ ಹಳೆಯ ಪೆನ್ನಿಯ ಮಾನ್ಯತೆ ಮುಗಿಯಿತು. ಅಲ್ಲಿಯವರೆಗೂ ವಿಕ್ಟೋರಿಯಾಳ ಕಾಲದ ಕಂಚಿನ ಪೆನ್ನಿಗಳು ಅಂಗಡಿಯ ಚಿಲ್ಲರೆಯಲ್ಲಿ ಓಡಾಡುತ್ತಲೇ ಇದ್ದವು. ನೂರು ವರ್ಷ ಕೈಯಿಂದ ಕೈಗೆ ದಾಟಿದ ನಾಣ್ಯ ಸವೆಯದೆ ಉಳಿಯುವುದು ಸಾಧ್ಯವಿಲ್ಲ. ಆದ್ದರಿಂದ ಸವೆದ ಪೆನ್ನಿಗಳು ಯಥೇಚ್ಛವಾಗಿ ಉಳಿದಿವೆ, ಸವೆಯದವು ಬೆರಳೆಣಿಕೆಯಲ್ಲಿವೆ. ಪೆನ್ನಿಯ ಬೆಲೆಯನ್ನು ತೀರ್ಮಾನಿಸುವುದು ಅದರ ವಯಸ್ಸಲ್ಲ, ಎಷ್ಟು ಟಂಕಿಸಿದರೆಂಬ ಸಂಖ್ಯೆಯೂ ಅಲ್ಲ; ಅದೇ ಇಸವಿಯ, ಅದೇ ಅಚ್ಚಿನ, ಅಷ್ಟೇ ಒಳ್ಳೆಯ ಸ್ಥಿತಿಯ ನಾಣ್ಯಗಳು ಇಂದು ಎಷ್ಟು ಉಳಿದಿವೆ ಎಂಬುದು. ಮುಂದಿನ ಹೆಜ್ಜೆಗಳೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುವ ಕ್ರಮಗಳಾಗಿವೆ.

ಕೈಯಲ್ಲಿರುವುದು ಯಾವ ನಾಣ್ಯ?

ಮೊದಲು ಲೋಹವನ್ನೂ ಗಾತ್ರವನ್ನೂ ನೋಡಬೇಕು. ತಾಮ್ರದ ಪೆನ್ನಿಗಳು 1797ರಲ್ಲಿ ಆರಂಭವಾದವು. ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋ ಟಂಕಸಾಲೆಯಲ್ಲಿ ಮ್ಯಾಥ್ಯೂ ಬೋಲ್ಟನ್ ಉಗಿಯಂತ್ರದ ಬಲದಿಂದ ಟಂಕಿಸಿದ ಆ ಪೆನ್ನಿ ಸರಿಯಾಗಿ ಒಂದು ಔನ್ಸ್, ಎಂದರೆ ಸುಮಾರು 28.3 ಗ್ರಾಂ ತೂಗುತ್ತಿತ್ತು. ಅಡ್ಡಳತೆ 36 ಮಿಲಿಮೀಟರ್. ಅದರ ಅಗಲವಾದ ಉಬ್ಬು ಅಂಚಿನಲ್ಲಿ ಅಕ್ಷರಗಳು ತಗ್ಗಾಗಿ ಕೊರೆದಂತಿವೆ. ಗಾಡಿಚಕ್ರದ ಹಾಗೆ ಕಾಣುವುದರಿಂದ ಸಂಗ್ರಾಹಕರು ಅದನ್ನು ‘ಕಾರ್ಟ್‌ವೀಲ್’ ಎಂದೇ ಕರೆಯುತ್ತಾರೆ. 1806 ಮತ್ತು 1807ರಲ್ಲಿ ಅದಕ್ಕಿಂತ ಹಗುರವಾದ, ಸುಮಾರು 19 ಗ್ರಾಂ ತೂಕದ ಪೆನ್ನಿ ಬಂದಿತು. ನಾಲ್ಕನೆಯ ಜಾರ್ಜ್, ನಾಲ್ಕನೆಯ ವಿಲಿಯಂ ಹಾಗೂ ವಿಕ್ಟೋರಿಯಾಳ ಮೊದಲ ಪೆನ್ನಿಗಳೂ ಹೆಚ್ಚುಕಡಿಮೆ ಅದೇ ತೂಕದವು, ಅಡ್ಡಳತೆ 34 ಮಿಲಿಮೀಟರ್.

1860ರಲ್ಲಿ ತಾಮ್ರವನ್ನು ಬಿಟ್ಟು ಕಂಚಿಗೆ ಬದಲಾಯಿಸಿದರು. ನೂರಕ್ಕೆ 95 ಭಾಗ ತಾಮ್ರ, 4 ಭಾಗ ತವರ, 1 ಭಾಗ ಸತು ಬೆರೆತ ಈ ನಾಣ್ಯ ಸುಮಾರು 9.4 ಗ್ರಾಂ ತೂಗುತ್ತದೆ. ಅಡ್ಡಳತೆ ಸುಮಾರು 30.8 ಮಿಲಿಮೀಟರ್, ಅಂಚು ನುಣುಪು. ಈ ಅಳತೆ ಕೊನೆಯವರೆಗೂ ಬದಲಾಗಲಿಲ್ಲ. ನಮ್ಮ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಸಿಗುವ ವಿಕ್ಟೋರಿಯಾಳ ತಾಮ್ರದ ಅರ್ಧ ಆಣೆಯ ಅಗಲವೂ ಬಹುತೇಕ ಇಷ್ಟೇ ಇರುವುದರಿಂದ ಗೊಂದಲ ಸಹಜ. ಆದರೆ ಅರ್ಧ ಆಣೆ ಸುಮಾರು 13 ಗ್ರಾಂ ತೂಗುತ್ತದೆ, ಅದರ ಹಿಂಬದಿಯಲ್ಲಿ ಇಂಡಿಯಾ ಎಂಬ ಹೆಸರಿರುತ್ತದೆ. ಪೆನ್ನಿಯ ಹಿಂಬದಿಯಲ್ಲಿ ಇರುವುದು ಗುರಾಣಿ ಹಿಡಿದು, ತ್ರಿಶೂಲ ಊರಿ ಕುಳಿತಿರುವ ಬ್ರಿಟಾನಿಯಾ ಎಂಬ ಸ್ತ್ರೀರೂಪ.

ಕಂಚಿನ ಪೆನ್ನಿಯ ಮುಖಬದಿಯನ್ನು ಗುರುತಿಸುವುದು ಸುಲಭ. 1860ರಿಂದ 1894ರ ವರೆಗೆ ಲಿಯೊನಾರ್ಡ್ ಚಾರ್ಲ್ಸ್ ವಯೊನ್ ರೂಪಿಸಿದ, ತಲೆಗೂದಲನ್ನು ಹಿಂದೆ ತುರುಬು ಕಟ್ಟಿದ ಯುವ ವಿಕ್ಟೋರಿಯಾ. ಇದಕ್ಕೆ ‘ಬನ್ ಹೆಡ್’ ಎಂದು ಹೆಸರು. 1895ರಿಂದ 1901ರ ವರೆಗೆ ಥಾಮಸ್ ಬ್ರಾಕ್ ರೂಪಿಸಿದ, ಸೆರಗು ಹೊದ್ದ ವೃದ್ಧ ರಾಣಿ. 1902ರಿಂದ 1910ರ ವರೆಗೆ ಬಲಕ್ಕೆ ಮುಖ ಮಾಡಿದ ಏಳನೆಯ ಎಡ್ವರ್ಡ್. 1911ರಿಂದ 1936ರ ವರೆಗೆ ಎಡಕ್ಕೆ ಮುಖ ಮಾಡಿದ ಗಡ್ಡದ ಐದನೆಯ ಜಾರ್ಜ್. 1937ರಿಂದ 1951ರ ವರೆಗೆ ಆರನೆಯ ಜಾರ್ಜ್. ಆ ಬಳಿಕ ಎಲಿಜಬೆತ್. ಹಿಂಬದಿಯಲ್ಲಿ ಬ್ರಿಟಾನಿಯಾಳ ಎಡಕ್ಕೆ ದೀಪಸ್ತಂಭವೂ ಬಲಕ್ಕೆ ಹಡಗೂ ಇದ್ದರೆ ಅದು ಬನ್ ಹೆಡ್ ಕಾಲದ್ದು. 1895ರಲ್ಲಿ ಎರಡನ್ನೂ ತೆಗೆದರು. 1937ರಲ್ಲಿ ದೀಪಸ್ತಂಭವೊಂದು ಮರಳಿತು. ಇಸವಿ ಸವೆದುಹೋಗಿದ್ದರೂ ಈ ಲಕ್ಷಣಗಳಿಂದ ಕಾಲವನ್ನು ನಿರ್ಧರಿಸಬಹುದು. ಇನ್ನೊಂದು ಸೂಚನೆ ಭಾರತೀಯ ಓದುಗರಿಗೆ ವಿಶೇಷವಾಗಿ ಆಸಕ್ತಿಕರವಾದುದು: ಭಾರತದ ಚಕ್ರವರ್ತಿ ಎಂಬುದನ್ನು ಸೂಚಿಸುವ ‘ಇಂಡ್ ಇಂಪ್’ ಎಂಬ ಲ್ಯಾಟಿನ್ ಸಂಕ್ಷೇಪ 1895ರಿಂದ ಪೆನ್ನಿಯ ಮೇಲೆ ಕಾಣಿಸಿಕೊಂಡು, ಸ್ವಾತಂತ್ರ್ಯ ಬಂದ ಮರುವರ್ಷವೂ ಉಳಿದು, 1949ರ ಪೆನ್ನಿಯಿಂದ ಮಾಯವಾಯಿತು. 1948 ಮತ್ತು 1949ರ ಎರಡು ಅಗ್ಗದ ನಾಣ್ಯಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದು ಸಾಮ್ರಾಜ್ಯದ ಬಿರುದು ಕಳಚಿದ್ದು ಕಣ್ಣಿಗೆ ಕಾಣುತ್ತದೆ.

ಸಂಗ್ರಹದ ಮಿತಿ ಮತ್ತು ಸಲಕರಣೆ

ಎಲ್ಲವನ್ನೂ ಕೂಡಿಸಹೊರಟವರ ಸಂಗ್ರಹ ಸಾಮಾನ್ಯವಾಗಿ ರಾಶಿಯಾಗಿಯೇ ಉಳಿಯುತ್ತದೆ. ಹೊಸಬರು 1902ರಿಂದ 1967ರ ವರೆಗಿನ ಇಸವಿಗಳಿಗೆ ಒಂದೊಂದು ನಾಣ್ಯವೆಂದು ಹೊರಟರೆ, 1933, 1952 ಮತ್ತು 1954ನ್ನು ಬಿಟ್ಟು, ಟಂಕಿಸಿದ ಉಳಿದ ಇಸವಿಗಳೆಲ್ಲ ಸಾಧಾರಣ ಖರ್ಚಿನಲ್ಲಿ ಎಟಕುತ್ತವೆ. 1952ರ ಮತ್ತು 1954ರ ಪೆನ್ನಿ ತಲಾ ಒಂದೊಂದೇ ತಿಳಿದಿವೆ. 1923ರಿಂದ 1925ರ ವರೆಗೆ, 1941ರಿಂದ 1943ರ ವರೆಗೆ, 1955ರಿಂದ 1960ರ ವರೆಗೆ ಬ್ರಿಟನ್ನಿಗಾಗಿ ಆ ಇಸವಿಗಳ ಪೆನ್ನಿ ಟಂಕಿಸಲೇ ಇಲ್ಲ. ಆ ಖಾಲಿಜಾಗಗಳ ಬಗ್ಗೆ ಚಿಂತಿಸಬೇಕಿಲ್ಲ. ವಿಕ್ಟೋರಿಯಾಳ ಬನ್ ಹೆಡ್ ಸರಣಿ ಹೆಚ್ಚು ಸ್ವಾರಸ್ಯಕರವಾದುದು, ಆದರೆ ಹೆಚ್ಚು ದುಬಾರಿಯೂ ಹೌದು. ಅದಕ್ಕೆ ಕೈಹಾಕುವ ಮುನ್ನ ಐದನೆಯ ಜಾರ್ಜನ ನಾಣ್ಯಗಳಲ್ಲಿ ಕಣ್ಣು ಪಳಗಿಸಿಕೊಳ್ಳುವುದು ಲೇಸು.

ಸಲಕರಣೆಗಳಿಗೆ ಹೆಚ್ಚು ಹಣ ಬೇಡ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಗ್ರಾಮಿನ ನೂರನೆಯ ಒಂದು ಭಾಗವನ್ನು ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ, ವರ್ನಿಯರ್ ಕ್ಯಾಲಿಪರ್, ಒಂದು ಅಯಸ್ಕಾಂತ, ಬೇಕಾದತ್ತ ತಿರುಗಿಸಬಹುದಾದ ಮೇಜುದೀಪ ಇಷ್ಟಿದ್ದರೆ ಸಾಕು. ನಾಣ್ಯವನ್ನು ಯಾವಾಗಲೂ ಅಂಚಿನಲ್ಲಿ ಹಿಡಿಯಬೇಕು. ಬೆರಳಿನ ಬೆವರಿನ ಗುರುತು ಕಂಚಿನ ಮೇಲೆ ಕೆಲವೇ ತಿಂಗಳಲ್ಲಿ ಕಪ್ಪುಕಲೆಯಾಗಿ ಕೂತುಬಿಡುತ್ತದೆ.

ಇಸವಿಯ ಆಚೆಗಿನ ಗುರುತುಗಳು

ವಿರಳ ಇಸವಿಗಳ ಪಟ್ಟಿ ಚಿಕ್ಕದು, ನೆನಪಿಡಲು ಕಷ್ಟವಿಲ್ಲ. ಬನ್ ಹೆಡ್ ಸರಣಿಯಲ್ಲಿ 1869 ಎಲ್ಲರೂ ಅರಸುವ ಇಸವಿ. 1864 ಮತ್ತು 1871 ಅದರ ಹಿಂದೆಯೇ ಬರುತ್ತವೆ. ತಾಮ್ರದ ಪೆನ್ನಿಗಳಲ್ಲಿ 1827ರದು ಸವೆದ ಸ್ಥಿತಿಯಲ್ಲಿಯೂ ಬೆಲೆಯುಳ್ಳದ್ದು; 1860ರ ಇಸವಿಯ ತಾಮ್ರದ ಪೆನ್ನಿಯನ್ನು 1859ರ ಅಚ್ಚನ್ನು ತಿದ್ದಿ ಟಂಕಿಸಿದ್ದು, ಅದು ಅತಿ ವಿರಳ. ಇಪ್ಪತ್ತನೆಯ ಶತಮಾನದಲ್ಲಿ 1926, 1932, 1950, 1951 ಗಮನಿಸಬೇಕಾದವು.

ಇಲ್ಲಿ ಟಂಕಣದ ಸಂಖ್ಯೆ ಹೇಗೆ ಮೋಸಗೊಳಿಸುತ್ತದೆಂಬುದಕ್ಕೆ ಒಂದು ಸ್ಪಷ್ಟ ನಿದರ್ಶನವಿದೆ. 1951ರಲ್ಲಿ ಟಂಕಿಸಿದ ಪೆನ್ನಿಗಳು ಕೇವಲ 1,20,000. 1869ರಲ್ಲಿ ಟಂಕಿಸಿದವು 25 ಲಕ್ಷಕ್ಕೂ ಹೆಚ್ಚು. ಅಂಕಿಯನ್ನಷ್ಟೇ ನೋಡಿದರೆ 1951ರ ನಾಣ್ಯವೇ ಇಪ್ಪತ್ತು ಪಟ್ಟು ವಿರಳವಾಗಿರಬೇಕು. ಆದರೆ 1950 ಮತ್ತು 1951ರ ಪೆನ್ನಿಗಳು ಬಹುಪಾಲು ಬರ್ಮುಡಾ ದ್ವೀಪಕ್ಕೆ ಹೋದವು. ಸಂಖ್ಯೆ ಕಡಿಮೆಯೆಂಬುದು ಸಂಗ್ರಾಹಕರಿಗೆ ಬೇಗ ತಿಳಿದದ್ದರಿಂದ ಅವನ್ನು ಸವೆಯುವ ಮೊದಲೇ ಹೆಕ್ಕಿ ಜೋಪಾನ ಮಾಡಿದರು. 1869ರ ಪೆನ್ನಿಯನ್ನು ಅಂದು ಯಾರೂ ಎತ್ತಿಡಲಿಲ್ಲ. ಅದು ದುಡಿದು ಸವೆಯಿತು. ಹೀಗಾಗಿ ಹೊಳಪು ಉಳಿಸಿಕೊಂಡ 1951ರ ಪೆನ್ನಿ ಹಣ ಕೊಟ್ಟರೆ ಯಾವ ತಿಂಗಳಲ್ಲಾದರೂ ಸಿಗುತ್ತದೆ, ಹೊಳಪಿರುವ 1869ರ ಪೆನ್ನಿಗೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಸಂಖ್ಯೆಯ ಪಟ್ಟಿಯನ್ನು ಹಿಡಿದು ಬೆಲೆ ಹೇಳುವವರ ಮಾತನ್ನು ಈ ಕಾರಣಕ್ಕಾಗಿ ಪೂರ್ತಿ ನಂಬಲಾಗದು.

ಇಸವಿಯ ಬಳಿಕ ಟಂಕಸಾಲೆಯ ಅಕ್ಷರವನ್ನು ಹುಡುಕಬೇಕು. ಲಂಡನ್ನಿನ ರಾಯಲ್ ಮಿಂಟ್‌ಗೆ ಕೆಲಸ ಮಿಕ್ಕಿದಾಗ ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಗೆ ಗುತ್ತಿಗೆ ಕೊಡುತ್ತಿದ್ದರು. ಅಲ್ಲಿಯ ನಾಣ್ಯಕ್ಕೆ ‘ಎಚ್’ ಅಕ್ಷರದ ಗುರುತು. ವಿಕ್ಟೋರಿಯಾಳ 1874, 1875, 1876, 1881 ಮತ್ತು 1882ರ ಪೆನ್ನಿಗಳಲ್ಲಿ ಅದು ಇಸವಿಯ ಕೆಳಗಡೆ, ಐದನೆಯ ಜಾರ್ಜನ 1912, 1918, 1919ರ ಪೆನ್ನಿಗಳಲ್ಲಿ ಇಸವಿಯ ಎಡಗಡೆ ಇರುತ್ತದೆ. 1918 ಮತ್ತು 1919ರಲ್ಲಿ ಕಿಂಗ್ಸ್ ನಾರ್ಟನ್ ಕಂಪನಿಯೂ ಟಂಕಿಸಿತು. ಅದರ ಗುರುತು ‘ಕೆ.ಎನ್.’. ಈ ಅಕ್ಷರ ಇದ್ದರೆ ವಿರಳ, ಇಲ್ಲದಿದ್ದರೆ ಸಾಮಾನ್ಯ ಎಂಬ ಸೂತ್ರವನ್ನು ಕುರುಡಾಗಿ ಅನ್ವಯಿಸಬಾರದು. 1875ರಲ್ಲಿ ಎಚ್ ಇರುವ ಪೆನ್ನಿ ವಿರಳ, ಇಲ್ಲದ್ದು ಸಾಮಾನ್ಯ. 1882ರಲ್ಲಿ ಇದು ತಲೆಕೆಳಗು: ಎಚ್ ಇರುವುದು ಎಲ್ಲೆಡೆ ಸಿಗುತ್ತದೆ, ಇಲ್ಲದ್ದು ಅತ್ಯಂತ ವಿರಳ. 1912ರ ಎಚ್ ಸುಲಭ. 1918 ಮತ್ತು 1919ರ ಕೆ.ಎನ್. ಒಳ್ಳೆಯ ಸ್ಥಿತಿಯಲ್ಲಿ ನಿಜಕ್ಕೂ ಕಷ್ಟ.

ಮೂರನೆಯದು ಅಚ್ಚಿನ ಸೂಕ್ಷ್ಮ ಭೇದಗಳು. ಪೆನ್ನಿ ಸಂಗ್ರಾಹಕರ ನಿಜವಾದ ಹುಚ್ಚು ಇಲ್ಲಿಯೇ ಶುರುವಾಗುವುದು. 1860ರ ಆರಂಭದ ನಾಣ್ಯಗಳ ಅಂಚಿನಲ್ಲಿ ಮಣಿಗಳ ಸಾಲಿತ್ತು. ಬೇಗನೆ ಅದನ್ನು ಹಲ್ಲಿನಾಕಾರದ ಸಾಲಿಗೆ ಬದಲಾಯಿಸಿದರು. ಎರಡೂ ದೊರೆಯುತ್ತವೆ, ಆದರೆ ಒಂದು ಬದಿಗೆ ಮಣಿ, ಇನ್ನೊಂದು ಬದಿಗೆ ಹಲ್ಲು ಇರುವ ಬೆರಕೆ ನಾಣ್ಯ ಅಪರೂಪ. 1863ರ ಪೆನ್ನಿಗಳ ಪೈಕಿ ಕೆಲವೇ ಕೆಲವುಗಳಲ್ಲಿ ಇಸವಿಯ ಕೆಳಗೆ ಪುಟ್ಟದೊಂದು ಅಂಕೆ ಇರುತ್ತದೆ. 1895ರ ಪೆನ್ನಿಯಲ್ಲಿ ತ್ರಿಶೂಲಕ್ಕೂ ‘ಪೆನ್ನಿ’ ಪದದ ಮೊದಲ ಅಕ್ಷರಕ್ಕೂ ನಡುವೆ ಸಾಮಾನ್ಯವಾಗಿ 1 ಮಿಲಿಮೀಟರ್ ಅಂತರ. 2 ಮಿಲಿಮೀಟರ್ ಇರುವುದು ಬಹು ಬೆಲೆಯದು.

ಕಣ್ಣು ಪಳಗಿಸಿಕೊಳ್ಳಲು ಎಲ್ಲಕ್ಕಿಂತ ಒಳ್ಳೆಯ ಪಾಠ 1902ರ ಪೆನ್ನಿ. ಅದರ ಹಿಂಬದಿಯಲ್ಲಿ ಬ್ರಿಟಾನಿಯಾಳ ಹಿಂದೆ ಸಮುದ್ರದ ಗೆರೆಯೊಂದು ಹಾದುಹೋಗುತ್ತದೆ. ಬಹುತೇಕ ನಾಣ್ಯಗಳಲ್ಲಿ ಆ ಗೆರೆ ಅವಳ ಕಾಲುಗಳು ಒಂದರ ಮೇಲೊಂದು ಹಾಯುವ ಮಟ್ಟದಲ್ಲಿರುತ್ತದೆ; ಕೆಲವುಗಳಲ್ಲಿ ಇನ್ನೂ ಕೆಳಗೆ, ಉಡುಪಿನ ಅಂಚಿನ ಮಟ್ಟದಲ್ಲಿರುತ್ತದೆ. ಎರಡನೆಯದನ್ನು ‘ಲೋ ಟೈಡ್’, ಎಂದರೆ ಇಳಿತದ ಪೆನ್ನಿ ಎನ್ನುತ್ತಾರೆ. ಹಿಂದಿನ ವರ್ಷದ ಅಚ್ಚಿನ ಮಾದರಿಗೂ ಹೊಸ ಮಾದರಿಗೂ ಇದ್ದ ವ್ಯತ್ಯಾಸವಿದು. ಇಸವಿ ಸಾಮಾನ್ಯ, ಸಂಖ್ಯೆ ಅಪಾರ, ಆದರೂ ಮಾರುವವನ ಕಣ್ಣಿಗೆ ಬೀಳದ ಇಳಿತದ ಪೆನ್ನಿ ಸಾಮಾನ್ಯ ಬೆಲೆಗೆ ಸಿಗುವುದು ಇಂದಿಗೂ ಸಾಧ್ಯ.

1926ರಲ್ಲಿ ಐದನೆಯ ಜಾರ್ಜನ ಮುಖಚಿತ್ರವನ್ನು ತಿದ್ದಿದರು. ಆ ವರ್ಷದ ಹೆಚ್ಚಿನ ಪೆನ್ನಿಗಳು ಹಳೆಯ ಮುಖದವು. ತಿದ್ದಿದ ಮುಖದವು ಕೆಲವೇ. ಶಿಲ್ಪಿ ಬರ್ಟ್ರಮ್ ಮೆಕೆನ್ನಲ್ ಅವರ ‘ಬಿ.ಎಂ.’ ಎಂಬ ಸಹಿ ಕುತ್ತಿಗೆಯ ಕಡಿತದಲ್ಲಿ ಹಿಂತುದಿಯತ್ತ, ಎಂದರೆ ಬಲಕ್ಕೆ ಸರಿದಿದ್ದರೆ ಅದು ತಿದ್ದಿದ ಮುಖ. ಹೋಲಿಸಲು 1922 ಮತ್ತು 1927ರ ಒಂದೊಂದು ಅಗ್ಗದ ಪೆನ್ನಿಯನ್ನು ಪಕ್ಕದಲ್ಲಿಟ್ಟುಕೊಂಡರೆ ಚಿತ್ರಪುಸ್ತಕದ ಅಗತ್ಯವೇ ಬೀಳದು.

ಮಾರಾಟದ ಪಟ್ಟಿಗಳಲ್ಲಿ ಇಸವಿಯ ಪಕ್ಕ ‘ಎಫ್’ ಅಕ್ಷರದೊಂದಿಗೆ ಒಂದು ಅಂಕೆ ಕಾಣಿಸಿದರೆ ಅದು ಮೈಕೆಲ್ ಫ್ರೀಮನ್ ಅವರು ಕಂಚಿನ ನಾಣ್ಯಗಳಿಗೆ ಕೊಟ್ಟ ವರ್ಗಸಂಖ್ಯೆ. ಮುಖಬದಿಯ ಅಚ್ಚು ಮತ್ತು ಹಿಂಬದಿಯ ಅಚ್ಚಿನ ಜೋಡಿಯನ್ನು ಅದು ಸೂಚಿಸುತ್ತದೆ. ಅಂಕೆಯಿಲ್ಲದೆ ಬರೇ ಎಫ್ ಎಂದಿದ್ದರೆ ಸಾಮಾನ್ಯವಾಗಿ ಅದು ‘ಫೈನ್’ ಎಂಬ ಸ್ಥಿತಿ. ಎರಡನ್ನೂ ಬೆರೆಸಿಕೊಳ್ಳಬಾರದು.

1933ರ ಪೆನ್ನಿಯ ಬಗ್ಗೆ

ಈ ನಾಣ್ಯದ ಕಥೆ ಎಲ್ಲರಿಗೂ ಗೊತ್ತಾಗಿರುವುದೇ ಅದರ ನಕಲಿಗಳಿಗೆ ಬಂಡವಾಳ. ಬ್ಯಾಂಕುಗಳಲ್ಲಿ ಪೆನ್ನಿ ಸಾಕಷ್ಟು ದಾಸ್ತಾನಿದ್ದುದರಿಂದ 1933ರಲ್ಲಿ ಚಲಾವಣೆಗೆಂದು ಟಂಕಿಸಲಿಲ್ಲ. ಆದರೆ ಕಟ್ಟಡಗಳ ಅಡಿಗಲ್ಲಿನ ಕೆಳಗೆ ಆ ವರ್ಷದ ನಾಣ್ಯಗಳ ಜೊತೆಯನ್ನು ಇಡುವ ಪದ್ಧತಿಗಾಗಿ, ಹಾಗೂ ವಸ್ತುಸಂಗ್ರಹಾಲಯಗಳಿಗಾಗಿ ಕೆಲವನ್ನು ಟಂಕಿಸಿದರು. ತಿಳಿದಿರುವವು ಏಳಕ್ಕಿಂತ ಹೆಚ್ಚಿಲ್ಲ. ಒಂದು ಲಂಡನ್ ವಿಶ್ವವಿದ್ಯಾಲಯದ ಸೆನೆಟ್ ಹೌಸ್ ಕಟ್ಟಡದ ಅಡಿಗಲ್ಲಿಗೆ ಹೋಯಿತು. ಒಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಲೀಡ್ಸ್ ನಗರದ ಎರಡು ಚರ್ಚುಗಳ ಅಡಿಗಲ್ಲಿಗೂ ಒಂದೊಂದು ಸಂದಿತ್ತು: ಮಿಡ್ಲ್‌ಟನ್ನಿನ ಚರ್ಚಿನದನ್ನು 1970ರಲ್ಲಿ ಕಳ್ಳರು ಕಲ್ಲು ಸರಿಸಿ ಒಯ್ದರು, ಅದರಿಂದ ಎಚ್ಚೆತ್ತು, ಕರ್ಕ್‌ಸ್ಟಾಲ್‌ನ ಚರ್ಚಿನದನ್ನು ಹೊರತೆಗೆಸಿ 1972ರಲ್ಲಿ ಹರಾಜು ಹಾಕಲಾಯಿತು. ಒಂದೊಂದರ ಜಾಡೂ ಹೀಗೆ ದಾಖಲಾಗಿರುವಾಗ, ಅಪರಿಚಿತರು ಅಗ್ಗಕ್ಕೆ ತೋರಿಸುವ 1933ರ ಪೆನ್ನಿಯನ್ನು ನಕಲಿಯೆಂದೇ ತಿಳಿದು ಮುಂದುವರಿಯುವುದು ಸರಿ.

ಸ್ಥಿತಿಯನ್ನು ಅಳೆಯುವ ಬಗೆ

ಬ್ರಿಟಿಷ್ ವ್ಯಾಪಾರಿಗಳ ಶ್ರೇಣಿಗಳು ಕೆಳಗಿನಿಂದ ಮೇಲಕ್ಕೆ ಹೀಗಿವೆ: ಪೂರ್, ಫೇರ್, ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಅನ್‌ಸರ್ಕ್ಯುಲೇಟೆಡ್. ಹೆಸರು ಕೇಳಿ ಮರುಳಾಗಬಾರದು. ‘ಫೈನ್’ ಎಂದರೆ ಸಾಕಷ್ಟು ಸವೆದ ನಾಣ್ಯ. ಅಕ್ಷರ ಮತ್ತು ಇಸವಿ ಪೂರ್ತಿ ಓದಬಹುದು, ಮುಖದ ಮುಖ್ಯ ರೇಖೆಗಳು ಇರುತ್ತವೆ, ಕೂದಲಿನ ಎಳೆಗಳು ಬಹುಪಾಲು ಬೆರೆತುಹೋಗಿರುತ್ತವೆ. ‘ವೆರಿ ಫೈನ್’ನಲ್ಲಿ ಸವೆತ ಉಬ್ಬಿದ ಭಾಗಗಳಿಗಷ್ಟೇ ಸೀಮಿತ, ಉಳಿದ ವಿವರಗಳು ಸ್ಪಷ್ಟ. ‘ಎಕ್ಸ್‌ಟ್ರೀಮ್ಲಿ ಫೈನ್’ನಲ್ಲಿ ಸವೆತವನ್ನು ಹುಡುಕಿ ನೋಡಬೇಕು. ‘ಅನ್‌ಸರ್ಕ್ಯುಲೇಟೆಡ್’ ನಾಣ್ಯದಲ್ಲಿ ಸವೆತ ಇರುವುದೇ ಇಲ್ಲ. ಆದರೆ ಚೀಲದಲ್ಲಿ ನಾಣ್ಯಕ್ಕೆ ನಾಣ್ಯ ತಾಗಿದ ಸಣ್ಣ ಗೀರುಗಳಿರಬಹುದು. ಬನ್ ಹೆಡ್ ಪೆನ್ನಿಗಳಲ್ಲಿ ಫೈನ್‌ಗೂ ಅನ್‌ಸರ್ಕ್ಯುಲೇಟೆಡ್‌ಗೂ ಬೆಲೆಯ ಅಂತರ ಹತ್ತಾರು ಪಟ್ಟಿನದು. ಹಾಗಾಗಿ ಶ್ರೇಣಿಯನ್ನು ಒಂದು ಮೆಟ್ಟಿಲು ಹೆಚ್ಚಾಗಿ ಹೇಳುವ ಮಾರಾಟಗಾರನಿಂದ ಆಗುವ ನಷ್ಟ ಸಣ್ಣದಲ್ಲ.

ಪರೀಕ್ಷಿಸುವಾಗ ದೀಪವನ್ನು ಒಂದು ಪಕ್ಕದಲ್ಲಿಟ್ಟು ನಾಣ್ಯವನ್ನು ನಿಧಾನವಾಗಿ ತಿರುಗಿಸಬೇಕು. ಮೊದಲು ಬರಿಗಣ್ಣಿನಿಂದ ಒಟ್ಟಾರೆ ಮೈಯನ್ನು ನೋಡಿ, ನಂತರವೇ ಭೂತಗನ್ನಡಿಯನ್ನು ಹಿಡಿಯಬೇಕು. ಮೊದಲೇ ಗಾಜು ಹಿಡಿದರೆ ಪ್ರತಿ ಗೀರೂ ಕಂದಕದಂತೆ ಕಂಡು ತೀರ್ಮಾನ ಕೆಡುತ್ತದೆ. ಸವೆತ ಮೊದಲು ಕಾಣುವುದು ಅತಿ ಎತ್ತರದ ಜಾಗಗಳಲ್ಲಿ. ಬನ್ ಹೆಡ್‌ನಲ್ಲಿ ಕಿವಿಯ ಮೇಲಿನ ಕೂದಲು, ತುರುಬಿನ ಹೆಣಿಗೆ, ಭುಜದ ಮೇಲಿನ ವಸ್ತ್ರದ ಮಡಿಕೆ. ಐದನೆಯ ಜಾರ್ಜನಲ್ಲಿ ಹುಬ್ಬು, ಕಿವಿಯ ಮೇಲಿನ ಕೂದಲು, ಮೀಸೆ. ಹಿಂಬದಿಯಲ್ಲಿ ಬ್ರಿಟಾನಿಯಾಳ ಶಿರಸ್ತ್ರಾಣ, ಎದೆಗವಚ, ಮೊಣಕಾಲು, ಗುರಾಣಿಯ ಅಂಚು. ಎರಡು ಬದಿಗಳಿಗೂ ಪ್ರತ್ಯೇಕ ಶ್ರೇಣಿ ಕೊಟ್ಟು, ಕೆಳಗಿನದನ್ನೇ ನಾಣ್ಯದ ಶ್ರೇಣಿಯಾಗಿ ಪರಿಗಣಿಸುವುದು ಕೊಳ್ಳುವವರಿಗೆ ಕ್ಷೇಮಕರ.

ಇನ್ನು ಐದನೆಯ ಜಾರ್ಜನ ಪೆನ್ನಿಗಳಲ್ಲಿ ಒಂದು ಬಲೆಯಿದೆ. ಮೆಕೆನ್ನಲ್ ರೂಪಿಸಿದ ಮುಖಚಿತ್ರ ಬಹಳ ಉಬ್ಬಾದದ್ದು. ಟಂಕಿಸುವಾಗ ಲೋಹವೆಲ್ಲ ಆ ಆಳವಾದ ಅಚ್ಚಿನತ್ತ ಹರಿದು, ಎದುರು ಬದಿಯ ಬ್ರಿಟಾನಿಯಾಳ ಮುಖ ಮತ್ತು ಎದೆಯ ಭಾಗಕ್ಕೆ ಲೋಹ ಸಾಲದೆ ಹೋಗುತ್ತಿತ್ತು. ಹಲವು ನಾಣ್ಯಗಳ ಹಿಂಬದಿಯಲ್ಲಿ ರಾಜನ ತಲೆಯ ಆಕಾರವೇ ಮಸುಕಾಗಿ ಮೂಡಿರುವುದನ್ನು ಕಾಣಬಹುದು. ಸಂಗ್ರಾಹಕರು ಇದಕ್ಕೆ ‘ಘೋಸ್ಟಿಂಗ್’ ಎನ್ನುತ್ತಾರೆ. 1926ರಲ್ಲಿ ಮುಖವನ್ನು ತಿದ್ದಿದ್ದು ಈ ದೋಷ ನಿವಾರಣೆಗಾಗಿಯೇ. ಪರಿಣಾಮವಾಗಿ, ಒಂದು ದಿನವೂ ಚಲಾವಣೆಯಾಗದ 1915ರ ಪೆನ್ನಿಯೊಂದರ ಬ್ರಿಟಾನಿಯಾ ಸವೆದವಳಂತೆ ಕಂಡೀತು.

ದುರ್ಬಲ ಟಂಕಣಕ್ಕೂ ಸವೆತಕ್ಕೂ ಇರುವ ವ್ಯತ್ಯಾಸವನ್ನು ಮೈಯ ಬಣ್ಣದಿಂದ ತಿಳಿಯಬಹುದು. ಸವೆದ ಜಾಗ ಸುತ್ತಲಿನ ಮೈಗಿಂತ ಬೇರೆ ಬಣ್ಣದಲ್ಲಿ, ಉಜ್ಜಿದಂತೆ ನುಣ್ಣಗೆ ಮಿನುಗುತ್ತದೆ. ದುರ್ಬಲ ಟಂಕಣದ ಜಾಗದಲ್ಲಿ ವಿವರ ಇಲ್ಲದಿದ್ದರೂ ಮೂಲ ಹೊಳಪು ಸುತ್ತಲಿನಂತೆಯೇ ಹರಡಿಕೊಂಡಿರುತ್ತದೆ. ಪಕ್ಕದ ಅಕ್ಷರಗಳ ಅಂಚುಗಳು ಚೂಪಾಗಿರುತ್ತವೆ. ಬ್ರಿಟಾನಿಯಾಳ ಮುಖ ಮಾಸಿದ್ದು, ಆದರೆ ರಾಜನ ಹುಬ್ಬು, ಮೀಸೆ, ನಾಣ್ಯದ ಅಂಚಿನ ಹಲ್ಲುಗಳು ಹರಿತವಾಗಿದ್ದರೆ ಅದು ಸವೆತವಲ್ಲ. ಅಂಥ ನಾಣ್ಯವನ್ನು ಕಡಿಮೆ ಶ್ರೇಣಿಯೆಂದು ಮಾರುವವರೂ ಇದ್ದಾರೆ; ಅಂಥವರಿಂದ ಕೊಳ್ಳುವುದರಲ್ಲಿ ನಷ್ಟವಿಲ್ಲ.

ಅಮೆರಿಕದ ಸಂಸ್ಥೆಗಳು 70 ಅಂಕಗಳ ಮಾಪಕದಲ್ಲಿ ಶ್ರೇಣಿ ಕೊಟ್ಟು ಪ್ಲಾಸ್ಟಿಕ್ ಕವಚದಲ್ಲಿ ಮುದ್ರೆ ಮಾಡಿ ಕೊಡುತ್ತವೆ. ದುಬಾರಿ ನಾಣ್ಯಕ್ಕೆ ಅದು ಅಸಲಿತನದ ಒಂದು ಭರವಸೆ. ಸಾಮಾನ್ಯ ಪೆನ್ನಿಗೆ ಕವಚದ ಖರ್ಚು ನಾಣ್ಯದ ಬೆಲೆಯನ್ನೇ ಮೀರುತ್ತದೆ.

ಬಣ್ಣ, ಹೊಳಪು ಮತ್ತು ತೊಳೆಯುವ ಚಟ

ಟಂಕಸಾಲೆಯಿಂದ ಹೊರಬಿದ್ದ ಪೆನ್ನಿಯ ಬಣ್ಣ ಕೆಂಪು ಹೊಂಬಣ್ಣ. ಗಾಳಿ ತಾಗುತ್ತ ಅದು ಕಂದಾಗಿ, ಕೊನೆಗೆ ಕಾಫಿಬೀಜದಂತೆ ಗಾಢವಾಗುತ್ತದೆ. ಸವೆಯದ ನಾಣ್ಯದ ಮೇಲೆ ಮೂಲ ಹೊಳಪು ನೂರಕ್ಕೆ ಎಷ್ಟು ಪಾಲು ಉಳಿದಿದೆಯೆಂದು ವ್ಯಾಪಾರಿಗಳು ಬರೆಯುವುದು ಇದೇ ಕಾರಣಕ್ಕೆ. ಆದರೆ ಸಮನಾದ, ಕಲೆಯಿಲ್ಲದ ಕಂದುಬಣ್ಣವೂ ಒಂದು ಗುಣವೇ. ಅದು ಲೋಹವನ್ನು ಕಾಪಾಡುವ ಪೊರೆ. ಇನ್ನು 1934, 1935ರ ಪೆನ್ನಿಗಳನ್ನೂ 1944ರಿಂದ 1946ರ ವರೆಗಿನವನ್ನೂ ಟಂಕಸಾಲೆಯಲ್ಲೇ ರಾಸಾಯನಿಕದಿಂದ ಕಪ್ಪಾಗಿಸಿ ಹೊರಬಿಡುತ್ತಿದ್ದರು. ಅವುಗಳ ಕಪ್ಪು ಬಣ್ಣ ದೋಷವಲ್ಲ. ಬದಲಿಗೆ ಪಳಪಳ ಹೊಳೆಯುವ 1945ರ ಪೆನ್ನಿ ಸಿಕ್ಕರೆ, ಯಾರೋ ತಿಕ್ಕಿರಬಹುದೆಂದು ಮೊದಲು ಅನುಮಾನಿಸಬೇಕು.

ನಮ್ಮ ಮನೆಗಳಲ್ಲಿ ತಾಮ್ರದ ಪಾತ್ರೆ ಕಂಡೊಡನೆ ಹುಣಸೆಹುಳಿಯತ್ತ ಕೈ ಹೋಗುತ್ತದೆ. ನಾಣ್ಯದ ಮಟ್ಟಿಗೆ ಆ ಅಭ್ಯಾಸವನ್ನು ಕಟ್ಟುನಿಟ್ಟಾಗಿ ಬಿಡಬೇಕು. ಹುಣಸೆ, ನಿಂಬೆ, ಪಾತ್ರೆ ತೊಳೆಯುವ ಪುಡಿ ಇವೆಲ್ಲ ಕಂದು ಪೊರೆಯ ಜೊತೆ ಲೋಹದ ಮೇಲ್ಪದರವನ್ನೂ ಕಿತ್ತುಹಾಕುತ್ತವೆ. ಹಾಗೆ ತೊಳೆದ ನಾಣ್ಯ ಒಂದೆರಡು ದಿನ ಗುಲಾಬಿ ಛಾಯೆಯಲ್ಲಿ ಹೊಳೆದು, ಬಳಿಕ ಜೀವವಿಲ್ಲದ ಮಂಕು ಬಣ್ಣಕ್ಕೆ ತಿರುಗುತ್ತದೆ. ಅದರ ಬೆಲೆ ಅರ್ಧಕ್ಕೂ ಕೆಳಗಿಳಿಯುತ್ತದೆ. ತೊಳೆದುದನ್ನು ಗುರುತಿಸಲು ನಾಣ್ಯವನ್ನು ದೀಪದಡಿ ಓರೆಮಾಡಿ ತಿರುಗಿಸಬೇಕು. ಅಸಲಿ ಹೊಳಪಾದರೆ ಬೆಳಕು ಮಧ್ಯದಿಂದ ಅಂಚಿಗೆ ಗಾಡಿಚಕ್ರದ ಕಡ್ಡಿಯಂತೆ ಸುತ್ತುತ್ತದೆ. ತಿಕ್ಕಿದ ನಾಣ್ಯದಲ್ಲಿ ಹೊಳಪು ಎಲ್ಲ ದಿಕ್ಕಿಗೂ ಒಂದೇ ಸಮನಾಗಿದ್ದು, ಗಾಜಿನಡಿ ಒಂದೇ ದಿಕ್ಕಿನ ಕೂದಲೆಳೆಯ ಗೀರುಗಳು ಕಾಣುತ್ತವೆ. ಅಕ್ಷರಗಳ ಬುಡದಲ್ಲಿ ಮಾತ್ರ ಹಳೆಯ ಕೊಳೆ ಉಳಿದಿರುತ್ತದೆ.

ಜಿಡ್ಡು ಅಥವಾ ಪ್ಲಾಸ್ಟಿಕ್‌ನ ಅಂಟು ಇದ್ದರೆ ಶುದ್ಧ ಅಸಿಟೋನ್‌ನಲ್ಲಿ ಕೆಲ ನಿಮಿಷ ಅದ್ದಿ, ಉಜ್ಜದೆ ಒಣಗಿಸಬಹುದು. ಅದು ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಕಿಟಕಿ ತೆರೆದು, ಒಲೆಯಿಂದ ದೂರವಿದ್ದು ಬಳಸಬೇಕು. ಉಗುರುಬಣ್ಣ ತೆಗೆಯುವ ಬಣ್ಣ-ಪರಿಮಳ ಬೆರೆತ ದ್ರವ ಇದಕ್ಕೆ ಆಗದು. ಹಸಿರು ಕಿಲುಬು ಪುಡಿಪುಡಿಯಾಗಿ ಏಳುತ್ತಿರುವ ನಾಣ್ಯವನ್ನು ಕೊಳ್ಳದಿರುವುದೇ ಉತ್ತಮ. ಅದು ಲೋಹವನ್ನು ಒಳಗೊಳಗೇ ತಿನ್ನುತ್ತದೆ.

ಕೊಳ್ಳುವಾಗ

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಅನುಕೂಲ ಹೆಚ್ಚು. ಭಾನುವಾರಗಳ ಕಾರ್ ಬೂಟ್ ಮಾರಾಟ, ಚಾರಿಟಿ ಅಂಗಡಿ, ನಾಣ್ಯಮೇಳಗಳಲ್ಲಿ ಪೆನ್ನಿಗಳ ಡಬ್ಬಿಗಳು ಈಗಲೂ ಬರುತ್ತವೆ. ಡಬ್ಬಿ ಕೆದಕುವಾಗ ಇಸವಿ ಮಾತ್ರವಲ್ಲ, ಎಚ್ ಅಕ್ಷರ, 1902ರ ಸಮುದ್ರದ ಗೆರೆ, 1926ರ ಸಹಿ ಇವನ್ನು ನೋಡುತ್ತ ಹೋದರೆ ಶ್ರಮಕ್ಕೆ ಪ್ರತಿಫಲವಿದೆ. ಬೆಲೆಬಾಳುವುದನ್ನು ಕೊಳ್ಳುವಾಗ ಬ್ರಿಟಿಷ್ ನ್ಯುಮಿಸ್ಮ್ಯಾಟಿಕ್ ಟ್ರೇಡ್ ಅಸೋಸಿಯೇಷನ್ನಿನ ಸದಸ್ಯ ವ್ಯಾಪಾರಿಗಳಿಂದ, ರಸೀದಿಯೊಡನೆ ಕೊಳ್ಳಬೇಕು. ಕೇಳುವ ಬೆಲೆಗೂ ಮಾರಾಟವಾದ ಬೆಲೆಗೂ ಬಹಳ ವ್ಯತ್ಯಾಸವಿರುವುದರಿಂದ, ಹರಾಜಿನಲ್ಲಿ ನಿಜವಾಗಿ ಕೈಸೇರಿದ ಮೊತ್ತವನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು.

ನಕಲಿಯನ್ನು ಪತ್ತೆಮಾಡಲು ಮೊದಲು ಅಯಸ್ಕಾಂತ: ಕಂಚು ಅಂಟುವುದಿಲ್ಲ, ತಾಮ್ರ ಲೇಪಿಸಿದ ಉಕ್ಕು ಅಂಟುತ್ತದೆ. ಬಳಿಕ ತೂಕ. ಹೆಚ್ಚು ಸವೆಯದ ಪೆನ್ನಿ 9.4 ಗ್ರಾಮಿನಿಂದ ಬಹಳ ದೂರ ಸರಿದಿದ್ದರೆ ಕೈಬಿಡಬೇಕು. ಎರಕ ಹೊಯ್ದ ನಕಲಿಯ ಮೈಮೇಲೆ ಸೂಜಿಮೊನೆಯಂಥ ರಂಧ್ರಗಳು, ಮೊಂಡು ಅಕ್ಷರಗಳು, ಅಂಚಿನ ಸುತ್ತ ಬೆಸುಗೆಯ ಗೆರೆ ಕಾಣಬಹುದು. ಇದಕ್ಕಿಂತ ಜಾಣತನದ ವಂಚನೆ ಅಸಲಿ ನಾಣ್ಯವನ್ನೇ ತಿದ್ದುವುದು. 1935 ಅಥವಾ 1936ರ ಕೊನೆಯ ಅಂಕೆಯನ್ನು ಕೆತ್ತಿ 3 ಮಾಡುತ್ತಾರೆ. ಗಾಜಿನಡಿ ಆ ಅಂಕೆಯ ಸುತ್ತ ಉಳಿಯ ಗುರುತೂ ಬಣ್ಣದ ವ್ಯತ್ಯಾಸವೂ ಕಾಣುತ್ತವೆ. 1882ರ ಪೆನ್ನಿಯಲ್ಲಿ ಎಚ್ ಅಕ್ಷರವನ್ನು ಅರೆದು ಅಳಿಸುತ್ತಾರೆ. ಆಗ ಇಸವಿಯ ಕೆಳಗಿನ ತಳ ತುಸು ತಗ್ಗಾಗಿರುತ್ತದೆ. ನಾಣ್ಯವನ್ನು ಕಣ್ಣಮಟ್ಟಕ್ಕೆ ಹಿಡಿದು ಓರೆ ಬೆಳಕಿನಲ್ಲಿ ನೋಡಿದರೆ ಆ ತಗ್ಗು ನೆರಳಾಗಿ ಕಾಣಿಸುತ್ತದೆ. ತೀರಾ ಸವೆದ 1882ರ ನಾಣ್ಯದಲ್ಲಿ ಎಚ್ ತಾನಾಗಿ ಮಾಸಿಹೋಗಿರುವುದೂ ಉಂಟು, ಅದಕ್ಕೂ ವಿರಳತೆಯ ಬೆಲೆಯಿಲ್ಲ.

ಭಾರತದಲ್ಲಿರುವವರು ಇನ್ನೆರಡು ವಿಷಯಗಳನ್ನು ಗಮನಿಸಬೇಕು. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ಹೇಳಿ, ಶುಲ್ಕ, ತೆರಿಗೆ, ಕಮಿಷನ್ ಎಂದು ಮೊದಲೇ ಹಣ ಕೇಳುವ ಕರೆಗಳು ಶುದ್ಧ ವಂಚನೆ. ತನ್ನ ಹೆಸರು ಬಳಸಿ ನಡೆಯುತ್ತಿದ್ದ ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ಎರಡನೆಯದು, 1972ರ ಪುರಾವಸ್ತು ಮತ್ತು ಕಲಾನಿಧಿಗಳ ಕಾಯ್ದೆಯ ವ್ಯಾಖ್ಯೆಯಲ್ಲಿ ನೂರು ವರ್ಷ ಮೀರಿದ ನಾಣ್ಯಗಳೂ ಸೇರುತ್ತವೆ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ 1869ರ ಪೆನ್ನಿಯನ್ನು ಲಂಡನ್ನಿನ ಹರಾಜಿಗೆ ಅಂಚೆಯಲ್ಲಿ ಕಳಿಸುವ ಮೊದಲು ಪುರಾತತ್ವ ಇಲಾಖೆಯಲ್ಲಿ ವಿಚಾರಿಸುವುದು ಅವಶ್ಯ.

ಇಡುವುದು, ಬರೆದಿಡುವುದು

ಪಿ.ವಿ.ಸಿ. ಬೆರೆತ ಮೆತ್ತನೆಯ ಪ್ಲಾಸ್ಟಿಕ್ ಚೀಲಗಳು ಕೆಲ ವರ್ಷಗಳಲ್ಲಿ ಹಸಿರು ಅಂಟನ್ನು ಬಿಡುತ್ತವೆ, ಅವನ್ನು ಬಳಸಬಾರದು. ಮೈಲಾರ್ ಹಾಳೆಯ ಗಡಸು ಚೀಲ, ಆಮ್ಲರಹಿತ ಕಾಗದದ ಲಕೋಟೆ, ಇಲ್ಲವೇ ಗಟ್ಟಿ ಪ್ಲಾಸ್ಟಿಕ್‌ನ ದುಂಡು ಕರಡಿಗೆ ಸೂಕ್ತ. ಮಂಗಳೂರು, ಉಡುಪಿ, ಕಾರವಾರದಂಥ ಊರುಗಳಲ್ಲಿ ಮಳೆಗಾಲದ ತೇವವೇ ಕಂಚಿನ ದೊಡ್ಡ ಶತ್ರು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣವಿಟ್ಟು, ಅದರ ಮಣಿಗಳ ಬಣ್ಣ ಬದಲಾದಾಗ ಬಿಸಿಮಾಡಿ ಒಣಗಿಸಿ ಮತ್ತೆ ಇಡಬೇಕು.

ಪ್ರತಿ ನಾಣ್ಯದೊಂದಿಗೆ ಒಂದು ಚೀಟಿ ಇರಲಿ. ಇಸವಿ ಮತ್ತು ಟಂಕಸಾಲೆಯ ಅಕ್ಷರ, ಅಚ್ಚಿನ ಭೇದ, ತೂಕ, ಎರಡೂ ಬದಿಯ ಶ್ರೇಣಿ, ದೋಷಗಳು, ಕೊಂಡ ದಿನ, ಕೊಟ್ಟ ಬೆಲೆ, ಮಾರಿದವರು ಇಷ್ಟು ವಿವರ ಸಾಕು. ಉದಾಹರಣೆಗೆ: “1918 ಕೆ.ಎನ್.; 9.38 ಗ್ರಾಂ, ಮುಖಬದಿ ವೆರಿ ಫೈನ್, ಹಿಂಬದಿ ಫೈನ್‌ಗಿಂತ ತುಸು ಮೇಲು, ಟಂಕಣ ದುರ್ಬಲ, ಅಂಚಿನಲ್ಲಿ ಗಂಟೆಮುಳ್ಳಿನ 4ರ ಜಾಗದಲ್ಲಿ ಸಣ್ಣ ತಗ್ಗು, ತೊಳೆದಿಲ್ಲ.” ಶ್ರೇಣಿಯನ್ನು ಮಾರಿದವರು ಹೇಳಿದಂತೆ ಒಂದು ಕಡೆ, ನಿಮಗೆ ಕಂಡಂತೆ ಇನ್ನೊಂದು ಕಡೆ ಬರೆಯಿರಿ. ವರ್ಷಕ್ಕೊಮ್ಮೆ ಹಳೆಯ ಚೀಟಿಯನ್ನು ಮುಚ್ಚಿಟ್ಟು ನಾಣ್ಯಕ್ಕೆ ಹೊಸದಾಗಿ ಶ್ರೇಣಿ ಕೊಟ್ಟು, ಬಳಿಕ ಎರಡನ್ನೂ ಹೋಲಿಸಿ ನೋಡಿ. ಮುಂದೆ ನಾಣ್ಯವನ್ನು ಮಾರುವ ಅಥವಾ ಮಕ್ಕಳಿಗೆ ಬಿಟ್ಟುಹೋಗುವ ಸಂದರ್ಭದಲ್ಲಿ ಆ ಚೀಟಿಯೂ ರಸೀದಿಯೂ ನಾಣ್ಯದ ಜೊತೆಗೇ ಹೋಗಬೇಕು.